ಮೂರನೆಯ ಬೇವಿನ ಮರದ ವಿಷಯವಾಗಿ

ವಿಷಯ: ಕಮಲಾಪುರದ ಮೈದಾನದಲ್ಲಿದ್ದ ಬೇವಿನ ಮರವೊಂದರ ಕುರಿತು.
ಉಲ್ಲೇಖ: ನನ್ನ ಮೇಜಿನ ಖಾನೆಯಲ್ಲಿ ದೊರೆತ ತಗಡಿನ ಬಿಲ್ಲೆ, ಸಂಖ್ಯೆ ಮೂರು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಓದುಗ ಮಹನೀಯರಲ್ಲಿ ಮೊದಲಿಗೇ ಒಂದು ಅರಿಕೆ. ನಾನು ಲೇಖಕಿಯಲ್ಲ. ಕಲಬುರಗಿಯ ಕಚೇರಿಯೊಂದರಲ್ಲಿ ಆಟದ ಮೈದಾನಗಳ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತೆ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಬರೆದಿರುವುದೆಲ್ಲ ಪತ್ರಗಳೇ ಆಗಿದ್ದು, ಬೇರೆ ಯಾವ ರೀತಿಯಲ್ಲಿ ಬರವಣಿಗೆಯನ್ನು ಆರಂಭಿಸಬೇಕೆಂಬುದು ನನಗೆ ತಿಳಿದಿರುವುದಿಲ್ಲ. ವಿಷಯ, ಉಲ್ಲೇಖಗಳಿಲ್ಲದೆ ಬರೆಯಲು ಮೂರು ಬಾರಿ ಪ್ರಯತ್ನಿಸಿದೆ. ಮೂರು ಬಾರಿಯೂ ತಲೆಯ ಮೇಲೆ ಸೆರಗಿಲ್ಲದೆ ಹಿರಿಯರ ಮುಂದೆ ನಿಂತಂತಾಯಿತು. ಆದ್ದರಿಂದ ಇದ್ದ ಹಾಗೆಯೇ ಒಪ್ಪಿಸಿಕೊಳ್ಳಬೇಕೆಂದು ಕೋರುತ್ತೇನೆ.

ಸದರಿ ಬಿಲ್ಲೆಯು ಕಳೆದ ವಾರ, ಕಾಗದಕ್ಕೆ ಚುಚ್ಚುವ ಟಾಚಣಿಯ ಡಬ್ಬಿಯನ್ನು ಹುಡುಕುವಾಗ ಕೈಗೆ ತಾಗಿತು. ಅಂಗೈಗಿಂತ ಚಿಕ್ಕದು. ಮೇಲೊಂದು ಮೊಳೆಯ ತೂತು, ತೂತಿನ ಸುತ್ತ ಒಣಗಿದ ಅಂಟು. ಅದನ್ನು ಮೂಗಿನ ಬಳಿ ಹಿಡಿದರೆ ಬೇವಿನ ವಾಸನೆ ಬರುತ್ತದೆಂದು ನನ್ನ ನಂಬಿಕೆ. ಪಕ್ಕದ ಮೇಜಿನವರಿಗೂ ಮೂಸಿ ನೋಡಲು ಕೊಟ್ಟೆ. ಅವರು ತುಕ್ಕಿನ ವಾಸನೆ ಎಂದು ಅಭಿಪ್ರಾಯಪಟ್ಟರು.

ನಾನು ಹುಟ್ಟಿ ಬೆಳೆದದ್ದು ಕಮಲಾಪುರದಲ್ಲಿ. ಕಮಲಾಪುರ ಎಂದೊಡನೆ ಎಲ್ಲರೂ ಕೆಂಪು ಬಾಳೆಹಣ್ಣಿನ ಹೆಸರೆತ್ತುತ್ತಾರೆ. ನನಗೆ ಮಾತ್ರ ಮೊದಲು ನೆನಪಾಗುವುದು ಶಾಲೆಯ ಹಿಂದಿನ ಮೈದಾನ ಮತ್ತು ಅದರ ಪಡುವಣ ಅಂಚಿನಲ್ಲಿ ನಿಂತಿದ್ದ ಮೂರು ಬೇವಿನ ಮರಗಳು. ಎರಡು ಮರಗಳು ಜೊತೆಯಾಗಿ, ಮಾತನಾಡಿಕೊಂಡಂತೆ ನಿಂತಿದ್ದವು. ಮೂರನೆಯದು ಅವುಗಳ ಮಾತಿಗೆ ಬೇಸತ್ತಂತೆ ಹತ್ತಾರು ಹೆಜ್ಜೆ ಮುಂದೆ, ಮೈದಾನದ ಒಳಕ್ಕೇ ಬಂದು ನಿಂತಿತ್ತು. ನಮ್ಮ ಪಿ.ಟಿ. ಮಾಸ್ತರರಾದ ಶಂಕ್ರೆಪ್ಪನವರು ಹೊಸದಾಗಿ ಶಾಲೆಗೆ ಬಂದಾಗ ಖೊಖೊ ಆಟಕ್ಕೆ ಕಂಬ ಬೇಕೆಂದು ಕೇಳಿದ್ದರಂತೆ. ಶಾಲೆಯಲ್ಲಿ ಇದ್ದದ್ದು ಒಂದೇ ಕಂಬ. ಅದನ್ನು ಒಂದು ತುದಿಗೆ ಹೂತು, ಇನ್ನೊಂದು ತುದಿಗೆ ಮೂರನೆಯ ಬೇವಿನ ಮರವನ್ನೇ ಕಂಬವೆಂದು ಘೋಷಿಸಿದರು. ಮರದಿಂದ ಯಾವುದೇ ಆಕ್ಷೇಪಣೆ ಬರಲಿಲ್ಲ.

ಆಟವನ್ನು ಅರಿಯದವರ ಅವಗಾಹನೆಗಾಗಿ: ಖೊಖೊದಲ್ಲಿ ಬೆನ್ನಟ್ಟುವವಳು ನಡುವೆ ದಿಕ್ಕು ಬದಲಿಸುವಂತಿಲ್ಲ. ತುದಿಯ ಕಂಬವನ್ನು ಮುಟ್ಟಿ, ಸುತ್ತಿ ಬಂದರೆ ಮಾತ್ರ ಹಿಂತಿರುಗಬಹುದು. ಉಳಿದ ಊರಿನ ಹುಡುಗಿಯರು ಕಂಬವನ್ನು ಕೈಯಲ್ಲಿ ಹಿಡಿದು ಗಿರಕ್ಕೆಂದು ತಿರುಗುತ್ತಿದ್ದರೆ, ನಾವು ಒಂದು ತೋಳನ್ನು ಪೂರ್ತಿ ಚಾಚಿ, ಮರವನ್ನು ಅರೆ ಅಪ್ಪಿ, ಕೆನ್ನೆ ತೊಗಟೆಗೆ ತಾಗುವಷ್ಟು ವಾಲಿ ತಿರುಗುತ್ತಿದ್ದೆವು. ವರ್ಷಗಟ್ಟಲೆ ಹುಡುಗಿಯರ ಅಂಗೈ ಉಜ್ಜಿ ಉಜ್ಜಿ, ಸೊಂಟದೆತ್ತರದಲ್ಲಿ ತೊಗಟೆ ಸವೆದು, ಹಳೆಯ ಮನೆಯ ಹೊಸ್ತಿಲಿನಂತೆ ನುಣುಪಾಗಿತ್ತು. ಆ ಪಟ್ಟಿಯ ಕೆಳಗೆ ಮರ, ಮೇಲೆ ಮರ, ನಡುವೆ ನಮ್ಮದೇ ಕೈಗಳು ಎಂಬಂತಿತ್ತು.

ನನ್ನ ಗೆಳತಿ ರಜಿಯಾ ಆ ನುಣುಪಿನ ಮೇಲೆ ಬರಿಗೈ ಇಡುತ್ತಿರಲಿಲ್ಲ. ಮೊದಲು ಕೈಗೆ ಕೆಂಪು ಮಣ್ಣು ಸವರಿಕೊಂಡು, ಗಿಡಕ್ಕೆ ಸಲಾಮು ಹೇಳಿ, ಆಮೇಲೆ ಆಟಕ್ಕೆ ಕೂರುತ್ತಿದ್ದಳು. ಹೊರಗಿನ ತಂಡದವರು ನಮ್ಮಲ್ಲಿಗೆ ಬಂದರೆ ಮರವನ್ನು ಸುತ್ತಲಾಗದೆ ಸೋಲುತ್ತಿದ್ದರು. ಇದು ಅನ್ಯಾಯವೆಂದು ಒಮ್ಮೆ ನಗರದ ತಂಡದ ಶಿಕ್ಷಕಿಯೊಬ್ಬರು ದೂರಿದಾಗ, ಮಾಸ್ತರರು ಮರವೂ ಈ ಶಾಲೆಯ ವಿದ್ಯಾರ್ಥಿಯೇ ಎಂದೂ, ಅದರ ಹಾಜರಿ ನೂರಕ್ಕೆ ನೂರು ಎಂದೂ ಉತ್ತರಿಸಿದ್ದು ನೆನಪಿದೆ.

ಆದರೆ ಅನ್ಯಾಯಕ್ಕೂ ಎರಡು ತುದಿಗಳಿರುತ್ತವೆ. ಜಿಲ್ಲಾ ಮಟ್ಟದ ಪಂದ್ಯಕ್ಕೆಂದು ನಾವು ಮೊದಲ ಬಾರಿ ಕಲಬುರಗಿಗೆ ಬಂದೆವು. ಅಲ್ಲಿ ಎರಡೂ ತುದಿಗೆ ನಯವಾದ, ತೆಳ್ಳಗಿನ, ನಿಯಮಬದ್ಧ ಕಂಬಗಳು. ನಾನು ಓಡುತ್ತಾ ಬಂದು, ಅಭ್ಯಾಸಬಲದಿಂದ ತೋಳನ್ನು ಅಗಲಿಸಿ, ಅಲ್ಲಿಲ್ಲದ ಮರವನ್ನು ಅಪ್ಪಲು ಹೋದೆ. ಕೈಗೆ ಕಂಬ ಸಿಗಲಿಲ್ಲ. ನೆಲ ಸಿಕ್ಕಿತು. ಗದ್ದದ ಕೆಳಗಿನ ಮಚ್ಚೆಯಂತಹ ಗಾಯದ ಗುರುತು ಇಂದಿಗೂ ನನ್ನ ಸೇವಾ ಪುಸ್ತಕದಲ್ಲಿ ದೇಹದ ಗುರುತು ಎಂದು ದಾಖಲಾಗಿರುತ್ತದೆ. ರಜಿಯಾ ನನ್ನನ್ನು ಎಬ್ಬಿಸುವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನ ಬೇ ಶಾಂತಾ, ಗಾಳಿಗಿ ಅಪ್ಪಿಕೊಳ್ಳಾಕ ಹೋಗಿದ್ದೇನು?"

ಸೋತು ಮರಳಿದ ಸಂಜೆ ಮಾಸ್ತರರು ನಮ್ಮನ್ನು ಬೈಯಲಿಲ್ಲ. ಮೂರನೆಯ ಮರದ ಬುಡದಲ್ಲಿ ಕೂರಿಸಿ, ಕೆಂಪು ಬಾಳೆಹಣ್ಣನ್ನು ಅರ್ಧರ್ಧ ಮಾಡಿ ಹಂಚಿದರು. ಕೆಂಪು ಬಾಳೆ ದಪ್ಪ, ಗಿಡ್ಡ. ಅದರ ಅರ್ಧವೇ ಒಂದು ಊಟ. ಗೆದ್ದಾಗ ಪೂರ್ತಿ ಹಣ್ಣು ಸಿಗುತ್ತದೆಂದು ಆಶ್ವಾಸನೆ ದೊರೆಯಿತು. ನಮ್ಮ ತಂಡ ಎಂದಿಗೂ ಜಿಲ್ಲೆಯಲ್ಲಿ ಗೆಲ್ಲದ ಕಾರಣ ನಾನು ಶಾಲಾದಿನಗಳಲ್ಲಿ ಪೂರ್ತಿ ಕೆಂಪು ಬಾಳೆಹಣ್ಣನ್ನು ತಿಂದಿರುವುದಿಲ್ಲ. ಈಗ ಕೈಯಲ್ಲಿ ಪೂರ್ತಿ ಹಣ್ಣು ಇದ್ದರೂ ಅರ್ಧಕ್ಕೇ ಹೊಟ್ಟೆ ತುಂಬುತ್ತದೆ. ಉಳಿದರ್ಧವನ್ನು ಯಾರಿಗೆ ಕೊಡಬೇಕೆಂದು ಸುತ್ತ ನೋಡುತ್ತೇನೆ.

ವಿಷಯಾಂತರಕ್ಕೆ ಕ್ಷಮೆಯಿರಲಿ.

ನನ್ನ ಕಚೇರಿಯ ಕಾರ್ಯವಿಧಾನದ ಬಗ್ಗೆ ಎರಡು ಮಾತು ಇಲ್ಲಿ ಅವಶ್ಯಕ. ಹೊಸ ಪತ್ರವನ್ನು ನಾವು ಹೊಸದಾಗಿ ಬರೆಯುವುದಿಲ್ಲ. ಹಳೆಯ ಕಡತದಿಂದ ಅದೇ ಬಗೆಯ ಪತ್ರವೊಂದನ್ನು ತೆಗೆದು, ಊರಿನ ಹೆಸರು ಮತ್ತು ದಿನಾಂಕಗಳನ್ನು ಬದಲಿಸಿ, ಉಳಿದುದನ್ನು ಇದ್ದಂತೆಯೇ ಇಳಿಸುತ್ತೇವೆ. ಇದು ಸೋಮಾರಿತನವಲ್ಲ. ಹಿಂದೆ ಒಪ್ಪಿಗೆಯಾದ ವಾಕ್ಯವು ಮುಂದೆಯೂ ಒಪ್ಪಿಗೆಯಾಗುತ್ತದೆ ಎಂಬ ಭಯಭಕ್ತಿ. ನನ್ನಂತಹ ಅಂಜುಬುರುಕಿಗೆ ಆ ಪದ್ಧತಿ ತವರುಮನೆಯಷ್ಟೇ ಹಿತವಾಗಿತ್ತು. ಹೊಸ ವಾಕ್ಯ ಬರೆದವರು ಉತ್ತರ ಹೇಳಬೇಕಾಗುತ್ತದೆ. ಹಳೆಯ ವಾಕ್ಯಕ್ಕೆ ಹೇಳುವವರು ಯಾರೂ ಇರುವುದಿಲ್ಲ.

ಹೀಗಿರುವಲ್ಲಿ ಕಮಲಾಪುರದ ಮೈದಾನಕ್ಕೆ ಓಟದ ಟ್ರ್ಯಾಕು, ಪ್ರೇಕ್ಷಕರ ಮೆಟ್ಟಿಲುಗಳು ಮತ್ತು ಸಮತಟ್ಟಾದ ಖೊಖೊ ಅಂಕಣ ನಿರ್ಮಿಸುವ ಪ್ರಸ್ತಾವನೆ ನನ್ನ ಮೇಜಿಗೆ ಬಂತು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಆ ಸಂತೋಷದಲ್ಲಿ ಬೇಗ ಕಳುಹಿಸಬೇಕೆಂಬ ಆತುರವೂ ಸೇರಿತು. ಯಾವುದೋ ಬೋಳು ಎರೆಭೂಮಿಯ ಮೈದಾನಕ್ಕೆ ಹಿಂದೆ ಬರೆದಿದ್ದ ಪತ್ರವನ್ನು ತೆಗೆದು, ಆ ಊರನ್ನು ಅಳಿಸಿ ನನ್ನ ಊರನ್ನು ಬರೆದೆ. ಅದರ ನಾಲ್ಕನೆಯ ಸಾಲು ಹೀಗಿತ್ತು: "ಸದರಿ ಜಾಗದಲ್ಲಿ ಯಾವುದೇ ಮರಗಳು ಇರುವುದಿಲ್ಲ."

ನಾನು ಅದನ್ನು ಬೆರಳಚ್ಚಿಸಿದೆ. ಓದಿ ತಾಳೆಯನ್ನೂ ನೋಡಿದೆ. ಆ ಮರವನ್ನು ಎಷ್ಟೋ ಸಾವಿರ ಬಾರಿ ಅಪ್ಪಿದ್ದ ಇದೇ ಕೈ, ಆ ಸಾಲನ್ನು ಒಂದು ಅಕ್ಷರವೂ ತಪ್ಪಿಲ್ಲದೆ ಬರೆಯಿತು. ನಮ್ಮ ಶಾಖೆಯ ಸಾಹೇಬರು ಸಹಿ ಮಾಡಿದರು. ಪತ್ರ ಹೋಯಿತು.

ಕೆಲವು ತಿಂಗಳುಗಳ ತರುವಾಯ, ಕಲಬುರಗಿಯ ರೋಜಾ ಬಡಾವಣೆಯ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ರಜಿಯಾಳ ಫೋನು ಬಂತು. ಅವಳು ಕಮಲಾಪುರದಲ್ಲಿಯೇ ಉಳಿದವಳು. ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ತಂಡದ ಆಟದ ಬಟ್ಟೆಗಳನ್ನು ಹೊಲಿಯುತ್ತಾಳೆ. ಅವಳ ಮಗಳು ತಬಸ್ಸುಮ್ ಈಗ ಆ ತಂಡದಲ್ಲಿದ್ದಾಳೆ.

"ಶಾಂತಾ, ನಮ್ಮ ಗಿಡದ ಮುಂದ ಸುಣ್ಣದ ಗೆರಿ ಹಾಕ್ಯಾರ. ಕಡೀತಾರಂತ. ನೀ ಅದೇ ಆಫೀಸಿನ್ಯಾಗ ಇದ್ದೀಯಲ್ಲ, ನಿನಗ ಗೊತ್ತಿಲ್ಲೇನು?"

ಗೊತ್ತಿಲ್ಲವೆಂದೆ. ಅದೂ ಸುಳ್ಳಲ್ಲ. ಮರುದಿನ ಬೆಳಿಗ್ಗೆ ಕಡತ ತೆರೆದೆ. ಮೇಲೆ ನನ್ನ ಪತ್ರ, ನಾಲ್ಕನೆಯ ಸಾಲು. ಪುಟ ಮಗುಚಿದಂತೆ ಕೆಳಗೆ ಮಾಸ್ತರರ ಕೈಬರಹದ ಅರ್ಜಿಯೊಂದು ಸಿಕ್ಕಿತು. ನಿವೃತ್ತರಾದ ಮೇಲೂ ಅವರು ಮೈದಾನಕ್ಕಾಗಿ ಅರ್ಜಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಹೆಣ್ಣುಮಕ್ಕಳಿಗೆ ಒಳ್ಳೆಯ ಅಂಕಣ ಬೇಕೆಂದೂ, ಅದನ್ನು ಕಟ್ಟುವಾಗ ಮೂರು ಬೇವಿನ ಗಿಡಗಳಿಗೆ ಧಕ್ಕೆಯಾಗದಂತೆ ಅಳತೆ ಹಾಕಬೇಕೆಂದೂ, ಅವು ನಿಂತ ಜಾಗದ ಹೆಜ್ಜೆ ಲೆಕ್ಕದ ಚಿತ್ರ ಸಮೇತ ಬರೆದಿದ್ದರು. ಅರ್ಜಿಯ ಮೂಲೆಯಲ್ಲಿ ಸ್ವೀಕೃತಿಯ ದುಂಡು ಮೊಹರು, ಅದರಡಿ ನನ್ನದೇ ಚಿಕ್ಕ ಸಹಿ. ಸ್ವೀಕರಿಸಿದ್ದೆ. ಓದಿರಲಿಲ್ಲ.

ತಿದ್ದುಪಡಿ ಪತ್ರದ ಕರಡನ್ನು ಸಾಹೇಬರ ಮುಂದಿಟ್ಟೆ. ಅವರು ಸಜ್ಜನರು. ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು.

"ಶಾಂತಾಬಾಯಿ, ತಪ್ಪು ನಿಮ್ಮದಂತ ಬರದ್ರ ನಿಮಗ ನೋಟಿಸ್ ಕೊಡಬೇಕಾಗ್ತದ. ಮಾಹಿತಿ ತಡವಾಗಿ ಬಂತು ಅಂತ ಬರೀರಿ. ಯಾರ ಕೇಳ್ತಾರ?"

ಹಾಗೆ ಬರೆದ ಪತ್ರಗಳು ಕಪಾಟಿನಲ್ಲಿ ಹೇರಳವಾಗಿದ್ದವು. ಒಂದನ್ನು ತೆಗೆದು ಇಳಿಸಿದರೆ ಸಾಕಿತ್ತು. ಆದರೆ ಮಾಹಿತಿಯು ತಡವಾಗಿ ಬಂದಿರಲಿಲ್ಲ. ಆ ಕಾಗದದ ಮೇಲೆ ಮೊಹರು ಹಾಕಿದವಳು ನಾನು. ಒಂದು ಹಗಲು ಪೂರ್ತಿ ಕುಳಿತು, ಯಾವ ಮಾದರಿಯೂ ಇಲ್ಲದೆ ನನ್ನ ಜೀವನದ ಮೊದಲ ಸ್ವಂತ ವಾಕ್ಯವನ್ನು ರಚಿಸಿದೆ: "ಸದರಿ ಜಾಗದಲ್ಲಿ ಮೂರು ಬೇವಿನ ಮರಗಳಿದ್ದು, ಅವು ಇಲ್ಲವೆಂದು ನಾನು ನೋಡದೆ ಬರೆದಿರುತ್ತೇನೆ." ಒಂದೇ ಪುಟವನ್ನು ನಾಲ್ಕು ಬಾರಿ ಬೆರಳಚ್ಚಿಸಬೇಕಾಯಿತು. ಸಾಹೇಬರು ನಿಟ್ಟುಸಿರಿಟ್ಟು ಸಹಿ ಮಾಡಿದರು. ಆ ನಂತರ ನನಗೆ ಕಾರಣ ಕೇಳುವ ನೋಟಿಸನ್ನೂ ಹೊರಡಿಸಲಾಯಿತು. ಶಾಖೆಯಲ್ಲಿ ಕರಡು ತಯಾರಿಸುವವಳು ನಾನೊಬ್ಬಳೇ ಆದ್ದರಿಂದ ನನಗೆ ನೋಟಿಸನ್ನು ನಾನೇ ಬರೆದು, ಅದಕ್ಕೆ ಉತ್ತರವನ್ನೂ ನಾನೇ ಸಲ್ಲಿಸಿದೆ. ನೋಟಿಸಿನ ಭಾಷೆ ಸ್ವಲ್ಪ ಖಾರವಾಯಿತೆಂದು ಸಾಹೇಬರು ಒಂದು ಪದವನ್ನು ಹೊಡೆದುಹಾಕಿದ್ದುಂಟು.

ತಿದ್ದುಪಡಿಯ ಫಲವಾಗಿ ಮರಗಳ ಎಣಿಕೆಗೆ ಜನ ಬಂದು, ಪ್ರತಿ ಮರಕ್ಕೂ ಒಂದೊಂದು ತಗಡಿನ ಬಿಲ್ಲೆ ಹೊಡೆದರೆಂದು ರಜಿಯಾ ತಿಳಿಸಿದಳು. ನಾನು ಹಿಗ್ಗಿದೆ. ಸಂಖ್ಯೆ ಸಿಕ್ಕಿತೆಂದರೆ ಕಾಗದದ ಮೇಲೆ ಮರ ಹುಟ್ಟಿತು. ಹುಟ್ಟಿದ್ದನ್ನು ಯಾರು ಅಲ್ಲಗಳೆಯುತ್ತಾರೆ? ಎರಡು ದಿನ ರಜೆ ಬರೆದು, ಕಮಲಾಪುರದ ಮೇಲೆ ಹೋಗುವ ಹುಮನಾಬಾದ ರಸ್ತೆಯ ಬಸ್ಸು ಹತ್ತಿದೆ.

ಮೈದಾನದಲ್ಲಿ ಯುವ ಇಂಜಿನಿಯರರೊಬ್ಬರು ನಕ್ಷೆ ಹಿಡಿದು ನಿಂತಿದ್ದರು. ಮೂರನೆಯ ಮರದ ಬುಡದಲ್ಲಿ ಮಾಸ್ತರರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಕೊರಳಲ್ಲಿ ನಮ್ಮ ಕಾಲದ ಅದೇ ಸೀಟಿ ಹಾಕಿಕೊಂಡು ಕುಳಿತಿದ್ದರು. ಇಂಜಿನಿಯರರು ಒಳ್ಳೆಯ ಮನಸ್ಸಿನವರು. ನನ್ನ ಪತ್ರ ನೋಡಿ ಪ್ರೇಕ್ಷಕರ ಮೆಟ್ಟಿಲುಗಳನ್ನು ಮೂಡಣಕ್ಕೆ ಸರಿಸಿದ್ದರು. ಜೋಡಿ ಮರಗಳು ಉಳಿದವು. ಮೂರನೆಯದು ಮಾತ್ರ ಟ್ರ್ಯಾಕಿನ ತಿರುವಿಗೆ ಸರಿಯಾಗಿ ಅಡ್ಡ ಬಂದಿತ್ತು. ಅಂಚಿನ ಕಲ್ಲುಗಳನ್ನು ಆಗಲೇ ಕೂರಿಸಿಯಾಗಿತ್ತು.

"ಮೊದ್ಲೇ ತಿಳಿಸಿದ್ರ ಇಡೀ ಟ್ರ್ಯಾಕ್ ಹತ್ತು ಹೆಜ್ಜಿ ಬಡಗಣಕ್ಕ ಸರಿಸ್ತಿದ್ದೆ ಮೇಡಂ. ಜಾಗಾ ಬೇಕಾದಷ್ಟದ," ಎಂದರು. "ಈಗ ಆಗಂಗಿಲ್ರಿ."

ಹತ್ತು ಹೆಜ್ಜೆ. ಮಾಸ್ತರರ ಚಿತ್ರದಲ್ಲಿಯೂ ಮರಕ್ಕೆ ಬಿಡಬೇಕಾದ ಜಾಗ ಹತ್ತು ಹೆಜ್ಜೆ ಎಂದೇ ಇತ್ತು.

ನಾನು ಮರದ ಪರವಾಗಿ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಬಸ್ಸುಮ್ ಮುಂದೆ ಬಂದಳು. ನನ್ನನ್ನು ಹುಟ್ಟಿದಾಗಿನಿಂದಲೂ ಚಿಕ್ಕಮ್ಮನೆಂದು ಭಾವಿಸಿ ಖಾಲಾ ಎಂದೇ ಕರೆಯುವವಳು. ಹಿಂದಿನ ವರ್ಷ ಅವಳು ಇದೇ ಮರದ ಬೇರಿಗೆ ಎಡವಿ ಪಾದದ ಮೂಳೆ ಮುರಿದುಕೊಂಡು, ವಿಭಾಗ ಮಟ್ಟದ ಪಂದ್ಯಕ್ಕೆ ಹೋಗದೆ ಮನೆಯಲ್ಲಿ ಕುಳಿತಿದ್ದಳು.

"ಖಾಲಾ, ನೀವು ಬಂದು ಎರಡು ದಿನ ನೆರಳಾಗ ಕುಂತು ಹೋಗ್ತೀರಿ. ಬೀಳಾಕಿ ನಾನು. ನಿಮ್ಮ ನೆನಪು ಉಳೀಬೇಕಂದ್ರ ನನ್ನ ಕಾಲು ಮುರೀಬೇಕೇನು?"

ರಜಿಯಾ ಮಗಳನ್ನು ಗದರಿದಳು. ಆದರೆ ತಬಸ್ಸುಮ್ ಹೇಳಿದ್ದು ಖರೆ. ಅಲ್ಲದೆ ಕಲಬುರಗಿಯ ಕೋಟನೂರಿನಲ್ಲಿ ನಾನು ಕಟ್ಟಿಸಿರುವ ಮನೆಯ ಅಂಗಳ ನೆನಪಾಯಿತು. ಎಲೆ ಗುಡಿಸುವ ಕೆಲಸ ಯಾರಿಗೆ ಬೇಕೆಂದು ಒಂದು ಗೇಣು ಮಣ್ಣೂ ಬಿಡದೆ ಶಹಾಬಾದಿನ ಪರಸಿ ಕಲ್ಲು ಹಾಸಿಸಿದವಳು ನಾನು. ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ ಒಣಗಿಸಬಹುದು, ಬರಿಗಾಲಿಡಲಾಗದು. ಪರಿಸರದ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ಇಷ್ಟು.

ಕೊನೆಗೆ ಮಾಸ್ತರರ ಮುಂದೆ ಕುಳಿತು ನಡೆದುದೆಲ್ಲವನ್ನೂ ಒಪ್ಪಿಸಿದೆ. ಹಳೆಯ ಪತ್ರ, ನಾಲ್ಕನೆಯ ಸಾಲು, ಓದದೆ ಮೊಹರು ಹಾಕಿದ ಅರ್ಜಿ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಸಾಲ್ಯಾಗ ರಜಿಯಾನ ಪೇಪರ್ ನೋಡಿ ಬರೀತಿದ್ದಿ. ಆವಾಗ ಆಕಿ ಬರದ ತಪ್ಪೂ ನಿನ್ನ ಪೇಪರಿನ್ಯಾಗ ಇರ್ತಿತ್ತು. ಅಂದೇ ಎರಡೇಟು ಹಾಕಿದ್ರ ಛಲೋ ಇತ್ತು ನೋಡು."

ರಜಿಯಾ ನಕ್ಕಳು, ಮಾಸ್ತರರೂ ನಕ್ಕರು. ನಾನು ನಗಲು ಪ್ರಯತ್ನಿಸಿದೆ. ಆಮೇಲೆ ಅವರು ಮರದ ನುಣುಪಿನ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ ಹೇಳಿದರು.

"ಆಟನೂ ಬೇಕು, ನೆರಳೂ ಬೇಕು ಅಂತ ಬರದಿದ್ದೆನವ್ವ. ಎರಡೂ ಆಗ್ತಿತ್ತು."

ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮರ ಕಡಿದ ದಿನ ನಾನು ಕಚೇರಿಯಲ್ಲಿದ್ದೆ. ಬೇಕೆಂದೇ ಹೋಗಲಿಲ್ಲ. ಎರಡು ದಿನಗಳ ನಂತರ ಕಮಲಾಪುರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಮಾಸ್ತರರು ಕಳುಹಿಸಿದ ಒಂದು ಕೈಚೀಲ ಬಂತು. ಅದರಲ್ಲಿ ಎರಡು ಕೆಂಪು ಬಾಳೆಹಣ್ಣು, ಕಾಗದದಲ್ಲಿ ಸುತ್ತಿದ ಈ ಬಿಲ್ಲೆ. ಚೀಟಿ ಇರಲಿಲ್ಲ. ಹಣ್ಣುಗಳು ಪೂರ್ತಿಯಾಗಿದ್ದವು. ಮೇಜಿನ ಮೇಲೆ ಅವು ಕಪ್ಪಾಗುವವರೆಗೂ ಇದ್ದವು.

ಈಗ ಮೈದಾನ ಸಿದ್ಧವಾಗಿದೆ. ಕಾಮಗಾರಿ ಪೂರ್ಣಗೊಂಡ ಬಗ್ಗೆ ವರದಿ ತಯಾರಿಸಲು, ಈ ಬಾರಿ ಜಾಗವನ್ನು ಕಣ್ಣಾರೆ ನೋಡಿಯೇ ಬರೆಯುತ್ತೇನೆಂದು ಸಾಹೇಬರ ಅನುಮತಿ ಪಡೆದು ಹೋದೆ. ಸತ್ಯವನ್ನು ಹೇಳಬೇಕೆಂದರೆ, ಮೈದಾನ ಚೆಲುವಾಗಿದೆ. ನಮ್ಮ ಕಾಲದಲ್ಲಿ ಇಂತಹ ನೆಲ ಇದ್ದಿದ್ದರೆ ನನ್ನ ಗದ್ದ ಸ್ವಚ್ಛವಾಗಿರುತ್ತಿತ್ತು. ಆದರೆ ಬಿಸಿಲೇರಿದ ಮೇಲೆ ಟ್ರ್ಯಾಕಿನ ಮೇಲೆ ಕಾಲಿಡುವಂತಿಲ್ಲ. ಹೊಸ ಮೆಟ್ಟಿಲುಗಳು ಹೆಂಚಿನಂತೆ ಕಾಯುತ್ತವೆ. ಪ್ರೇಕ್ಷಕರೆಲ್ಲ ಅವುಗಳಿಗೆ ಬೆನ್ನು ತಿರುಗಿಸಿ ಜೋಡಿ ಮರಗಳ ಕೆಳಗೆ ಕಿಕ್ಕಿರಿದು ಕುಳಿತಿದ್ದರು. ಆ ನೆರಳು ಮೊದಲಿಗಿಂತ ಚಿಕ್ಕದಾಗಿ ಕಂಡಿತು. ಮರಗಳು ಅಷ್ಟೇ ಇದ್ದವು. ಕೂರುವವರು ಹೆಚ್ಚಾಗಿದ್ದರು.

ಹುಡುಗಿಯರು ಹೊಸ ಅಂಕಣದಲ್ಲಿ ಅಭ್ಯಾಸ ನಡೆಸಿದ್ದರು. ಎರಡೂ ತುದಿಗೆ ನಿಯಮಬದ್ಧ ಕಂಬಗಳು. ತಬಸ್ಸುಮ್ ಖೊ ಪಡೆದು ಎದ್ದು, ಬಾಣದಂತೆ ಓಡಿ ಬಂದಳು. ಪಾದ ಪೂರ್ತಿ ವಾಸಿಯಾಗಿದೆ. ಕಂಬದ ಬಳಿ ಬಂದೊಡನೆ ಅವಳ ಬಲಗೈ ತಾನಾಗಿ ಅಗಲಕ್ಕೆ ಚಾಚಿತು. ಮೈ ವಾಲಿತು, ಕೆನ್ನೆ ಓರೆಯಾಯಿತು. ತೆಳ್ಳಗಿನ ಕಂಬವನ್ನು ದೂರದಿಂದ ಬಳಸಿ, ಮೂರು ಹೆಜ್ಜೆ ಹೆಚ್ಚು ಸುತ್ತಿ ಹೋದಳು. ಅಷ್ಟರಲ್ಲಿ ಓಟಗಾರ್ತಿ ತಪ್ಪಿಸಿಕೊಂಡಿದ್ದಳು. ಅವಳ ಹಿಂದೆ ಬಂದವಳೂ ಹಾಗೆಯೇ ತಿರುಗಿದಳು. ಅವಳ ನಂತರದವಳೂ.

ನಿವೃತ್ತರಾದರೂ ಅಭ್ಯಾಸ ಮಾಡಿಸಲು ಬರುವ ಮಾಸ್ತರರು ಸೀಟಿ ಊದಿ ಆಟ ನಿಲ್ಲಿಸಿ, ಕಂಬವನ್ನು ಹಿಡಿದು ತಿರುಗಬೇಕೆಂದು ಎಷ್ಟು ದಿನದಿಂದ ಹೇಳುತ್ತಿರುವೆನೆಂದು ಕೇಳಿದರು. ತಬಸ್ಸುಮ್ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಳು. ನನ್ನನ್ನು ನೋಡಿದಳು, ನೋಟ ತಪ್ಪಿಸಿದಳು.

"ಕೈಗೆ ಇನ್ನಾ ಗೊತ್ತಾಗಿಲ್ರಿ ಸರ್," ಎಂದಳು. "ಗಿಡ ಹೋಗ್ಯಾದಂತ."

ಎಲ್ಲರೂ ನೀರು ಕುಡಿಯಲು ನೆರಳಿಗೆ ಹೋದ ಮೇಲೆ, ನಾನು ಚಪ್ಪಲಿ ಬಿಟ್ಟು ಆ ಕಂಬದ ಬಳಿಗೆ ನಡೆದೆ. ಸರ್ಕಾರಿ ನೌಕರಳಾಗಿ, ಈ ವಯಸ್ಸಿನಲ್ಲಿ, ಸೀರೆಯುಟ್ಟು ಮಾಡತಕ್ಕ ಕೆಲಸ ಅದಲ್ಲವೆಂಬ ಅರಿವು ನನಗಿತ್ತು. ಒಮ್ಮೆ ಮಾತ್ರ ಕೈ ಚಾಚಿ ತಿರುಗಿದೆ. ಬೀಳಲಿಲ್ಲ. ಗಾಳಿ ಈ ಬಾರಿ ಹಿಡಿದುಕೊಂಡಿತು.

ಕಚೇರಿಗೆ ಮರಳಿ ವರದಿಯ ನಮೂನೆಯನ್ನು ಭರ್ತಿ ಮಾಡಿದೆ. ಟ್ರ್ಯಾಕು, ಪೂರ್ಣಗೊಂಡಿದೆ. ಅಂಕಣ, ಪೂರ್ಣಗೊಂಡಿದೆ. ಜಾಗದಲ್ಲಿರುವ ಮರಗಳು, ಎರಡು. ಅದರ ಮುಂದೆ ಷರಾ ಎಂಬ ಟಿಪ್ಪಣಿಯ ಕಾಲಂ ಇರುತ್ತದೆ. ಇಪ್ಪತ್ತು ವರ್ಷಗಳಲ್ಲಿ ನಾನು ಅದರಲ್ಲಿ ಅಡ್ಡಗೆರೆಯ ಹೊರತು ಬೇರೇನನ್ನೂ ಬರೆದವಳಲ್ಲ. ಆ ದಿನ ಬರೆದೆ: "ಮೂರನೆಯದು ಇತ್ತು."

ಸಾಹೇಬರು ಸಹಿ ಮಾಡಲು ಪೆನ್ನೆತ್ತಿ, ಅಲ್ಲಿಗೆ ಬಂದು ನಿಂತರು.

"ಇದು ಯಾವ ಹಳೇ ಪತ್ರದಾಗಿಂದು ಶಾಂತಾಬಾಯಿ?"

ಯಾವುದರಿಂದಲೂ ಅಲ್ಲವೆಂದು ಅರಿಕೆ ಮಾಡಿಕೊಂಡೆ. ಅವರು ಅದನ್ನು ಹೊಡೆದುಹಾಕಲಿಲ್ಲ.

ಈ ಬರಹದೊಂದಿಗೆ ಉಲ್ಲೇಖಿತ ತಗಡಿನ ಬಿಲ್ಲೆಯನ್ನು ನಿಯಮದಂತೆ ಲಗತ್ತಿಸಬೇಕಾಗಿತ್ತು. ಲಕೋಟೆಯೊಳಗೆ ಎರಡು ಬಾರಿ ಇಟ್ಟು, ಎರಡು ಬಾರಿಯೂ ಹೊರತೆಗೆದಿರುತ್ತೇನೆ. ಅದು ನನ್ನ ಬಳಿಯೇ ಇರುತ್ತದೆ ಎಂಬ ಅಂಶವನ್ನು ತಮ್ಮ ಗಮನಕ್ಕೆ ತರುತ್ತಾ,

ತಮ್ಮ ವಿಶ್ವಾಸಕ್ಕೆ ಒಮ್ಮೆ ತಪ್ಪಿದವಳು,
ಶಾಂತಾ, ಕಮಲಾಪುರ